ಭಾವನ ಮನೆಯ ಮಾಪಕ

ಭೂಮಿ ನಡುಗಿದ ಮರುದಿನ ಎಲ್ಲರೂ ನೆಂಟರ ಯೋಗಕ್ಷೇಮ ವಿಚಾರಿಸಿದರೆ ಬಿರುಕಕ್ಕ ಗೋಡೆಗಳ ಯೋಗಕ್ಷೇಮ ವಿಚಾರಿಸುತ್ತಾಳೆ. ಹೆಸರು ನಮ್ಮ ಬೀದಿಯವರು ಇಟ್ಟದ್ದು. ಸಂಬಳ ಕಂಪನ ಕಚೇರಿಯವರು ಕೊಡುವುದು. ಗಾರೆ ಉದುರಿತೇ, ಕಪಾಟಿನ ಪಾತ್ರೆ ಬಿತ್ತೇ ಎಂದು ಮನೆಮನೆ ಸುತ್ತಿ, ಪ್ರತಿ ಬೀದಿಯ ಹಾನಿಗೆ ಒಂದು ಅಂಕ ಕೊಟ್ಟು, ಅಲ್ಲಿ ಕಚೇರಿಯವರು ಇಟ್ಟ ಕಂಪನ ಮಾಪಕ ದಾಖಲಿಸಿದ ಕುಲುಕಾಟದ ಜೊತೆ ತಾಳೆ ನೋಡುತ್ತಾಳೆ. ಎರಡೂ ಹೊಂದಿದರೆ, ಮುಂದಿನ ಸಲ ಮಾಪಕ ನೋಡಿಯೇ ಎಲ್ಲಿ ಎಷ್ಟು ಹಾನಿ ಎಂದು ಹೇಳಬಹುದು.

ನಮ್ಮ ಬೀದಿಯ ಮಾಪಕ ಇರುವುದು ಅವಳ ಅಕ್ಕ-ಭಾವನ ಮನೆಯಲ್ಲಿ. ಭಾವ ನಿವೃತ್ತ ಅಧಿಕಾರಿ. ನಿವೃತ್ತಿಯ ಸುದ್ದಿ ಅವರಿಗಿನ್ನೂ ಪೂರ್ತಿ ತಲುಪಿಲ್ಲ. ಮಾಪಕ ಬಂದ ಮೇಲಂತೂ ತಮ್ಮನ್ನು ಕೇಳದೆ ಭೂಮಿ ಅಲ್ಲಾಡದು ಎಂಬ ಗತ್ತು.

ಈ ಸಲ ಊರಿನ ಉಳಿದ ಮಾಪಕಗಳೆಲ್ಲ ಬಿರುಕಕ್ಕನ ಅಂಕಗಳಿಗೆ ಹೊಂದಿದವು, ಭಾವನದೊಂದು ಬಿಟ್ಟು. ಅವಳು ನಮಗೆ ಕೊಟ್ಟದ್ದು ಐದು, ಮಾಪಕದ ಲೆಕ್ಕದಲ್ಲಿ ಎಂಟು. ಎಂಟೆಂದರೆ ಸಂಜೆಯೊಳಗೆ ಇಡೀ ಬೀದಿ ಮನೆ ಖಾಲಿ ಮಾಡಬೇಕು. ನಾವು ಹಾಸಿಗೆ ಸುತ್ತತೊಡಗಿದೆವು.

"ಯಂತ್ರ ಸುಳ್ಳು ಹೇಳುತ್ತೇನಮ್ಮ?" ಎಂದರು ಕಂಪನ ಕಚೇರಿಯ ಸಾಹೇಬರು ಫೋನಿನಲ್ಲಿ.

"ಎಂಟಾಗಿದ್ರೆ ಅಕ್ಕನ ಪಿಂಗಾಣಿ ಕಪ್ಪು ಒಂದೂ ಉಳೀತಿರ್ಲಿಲ್ಲ ಸಾರ್. ಈಗ ತಾನೇ ಅದರಲ್ಲೇ ಟೀ ಕುಡಿದೆ. ಆದೇಶ ಸ್ವಲ್ಪ ತಡೀರಿ."

ಫೋನಿಟ್ಟು ಬಿರುಕಕ್ಕ ನೇರವಾಗಿ ಭಾವನ ಮನೆಯ ಮೆಟ್ಟಿಲ ಕೆಳಗಿನ ಮೂಲೆಗೆ ಹೋದಳು. ಮಾಪಕ ಅಲ್ಲೇ ನೆಲಕ್ಕೆ ಬೋಲ್ಟು ಬಿಗಿಸಿಕೊಂಡು ಕೂತಿರಬೇಕಿತ್ತು. ತೂತುಗಳು ಮಾತ್ರ ಇದ್ದವು.

"ಭಾವ, ಇದೆಲ್ಲಿ?"

"ಮೂಲೇಲಿದ್ರೆ ಬಂದೋರಿಗೆ ಕಾಣಲ್ವಲ್ಲಮ್ಮ. ಮಹಡಿ ಹಾಲ್‌ನಲ್ಲಿಟ್ಟಿದೀನಿ."

ಮಹಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ, ಕಸೂತಿ ಬಟ್ಟೆಯ ಆಸನದಲ್ಲಿ ಮಾಪಕ ದರ್ಬಾರು ನಡೆಸುತ್ತಿತ್ತು. ಬಿರುಕಕ್ಕ ಒಂದು ಬೆರಳು ತಾಗಿಸಿದಳು. ಸ್ಟೂಲು ಸಾಹೇಬರ ಮುಂದಿನ ಗುಮಾಸ್ತನಂತೆ ತಲೆಯಾಡಿಸಿತು.

"ಎಂಟು ಸ್ಟೂಲಿಗೆ. ಬೀದಿಗೆ ಐದೇ," ಎಂದಳು.

"ಅದರ ಒಂದು ಕಾಲು ಗಿಡ್ಡ ಅಂತ ಬಡ್ಕೊಂಡೆ," ಎಂದಳು ಹಿಂದೆ ನಿಂತಿದ್ದ ಅಕ್ಕ. "ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ."

ಸಾಹೇಬರಿಗೆ ಫೋನು ಹೋಯಿತು, ಆದೇಶ ನಿಂತಿತು, ನಾವು ಹಾಸಿಗೆ ಬಿಚ್ಚಿದೆವು. ಬಿರುಕಕ್ಕ ಮಾಪಕವನ್ನು ಹಳೆಯ ಮೂಲೆಯಲ್ಲಿ ಕೂರಿಸಿ ಬೋಲ್ಟು ಹಾಕತೊಡಗಿದಳು. ಭಾವ ಸ್ಪ್ಯಾನರ್ ಹಿಡಿದು ಪಕ್ಕದಲ್ಲಿ ನಿಂತರು.

"ಪಕ್ಕದ ಮನೆಯವರಿಗೂ ಐದೇನಾ?"

"ಅಂಕ ಬೀದಿಗೆ ಭಾವ, ಮನೆಗಲ್ಲ."

"ಆದ್ರೂ ನಮ್ದು ಎರಡಂತಸ್ತು. ಐದೂವರೆ ಮಾಡಕ್ಕಾಗಲ್ವಾ?"

"ಸ್ಪ್ಯಾನರ್ ಕೊಡಿ ಭಾವ."