ಬೀಗದ ಭಕ್ತ

ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಮಾರುಕಟ್ಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಶೇಂಗಾ, ಹತ್ತಿ ತುಂಬಿದ ಗೋದಾಮಿಗೆ ಸಂಜೆ ಬೀಗ ಹಾಕುವ ಕೆಲಸ ಒಂದು ವಾರ ನನ್ನದು, ಒಂದು ವಾರ ಮುನವಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಇನ್ನೊಬ್ಬ ಗುಮಾಸ್ತನದು.

ಬೀಗ ಹಾಕಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುವುದು ಅಲ್ಲಿಯ ಅಂಗಡಿಗಳ ಪದ್ಧತಿ. ನಾನು ಮುಟ್ಟಿ, ಜಗ್ಗಿ, ಕೈ ಮುಗಿದು ಮೂಲೆಯವರೆಗೆ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದೆ. ನೋಡಿದವರು ಭಕ್ತಿ ಎಂದುಕೊಂಡರು. ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಹುಚ್ಚನಿಗಿಂತ ಭಕ್ತನಿಗೆ ಮರ್ಯಾದೆ ಹೆಚ್ಚು.

ಬೀಗ ಬಿದ್ದದ್ದನ್ನು ಕಣ್ಣು ಕಂಡರೂ ತಲೆ ಒಪ್ಪುತ್ತಿರಲಿಲ್ಲ. ಜಗ್ಗಿದಷ್ಟೂ ನೆನಪು ಮಸುಕಾಗುತ್ತಿತ್ತು: ನೆನಪಿರುವುದು ಈಗ ಜಗ್ಗಿದ್ದೋ, ನಿನ್ನೆಯದೋ? ಮನೆಯಲ್ಲಿ ಹೆಂಡತಿ ಮಾತಾಡುತ್ತಿದ್ದರೆ ಹೂಂಗುಟ್ಟುತ್ತಿದ್ದೆ, ಒಳಗೆಲ್ಲ ಬೀಗ.

"ನಾ ಈಗ ಏನ ಹೇಳೀನಿ, ಹೇಳ್ರಿ ನೋಡೂಣು" ಎಂದಳೆಂದರೆ ನನ್ನ ಕತೆ ಮುಗಿಯಿತು.

ಮುನವಳ್ಳಿಯವನು ನೊಣ ಓಡಿಸಿದಂತೆ ಬೀಗಕ್ಕೊಂದು ನಮಸ್ಕಾರ ಎಸೆದು, ತಿರುಗುವಷ್ಟರಲ್ಲಿ ರಾತ್ರಿಯ ಊಟದ ಸುದ್ದಿ ತೆಗೆಯುತ್ತಿದ್ದ. ಬಸ್ಸು ಹತ್ತಿದರೆ ಕಿಟಕಿಗೆ ತಲೆ ಆನಿಸಿ ಗೊರಕೆ. ಅವನ ಹಸಿವು, ಅವನ ನಿದ್ದೆ, ಎಲ್ಲದರ ಮೇಲೂ ನನಗೆ ಹೊಟ್ಟೆಕಿಚ್ಚು.

ಒಂದು ದಿನ ಅಂಗಡಿಯ ಸಾಹುಕಾರರು, ಇನ್ನು ಮೇಲೆ ಕೀಲಿಕೈ ಒಬ್ಬನ ಬಳಿಯೇ ಇರಲಿ, ಅವನೇ ಹಿರಿಯ ಗುಮಾಸ್ತ ಎಂದರು. ಭಕ್ತನನ್ನು ಬಿಟ್ಟು ಇನ್ನಾರಿಗೆ ಕೊಡುತ್ತಾರೆ ಎಂದು ನಾನು ಕೋಟಿನ ಗುಂಡಿ ಸರಿಮಾಡಿಕೊಂಡೆ.

"ನಿನ್ನ ಭಕ್ತಿ ದೊಡ್ಡದು, ಇಲ್ಲ ಅನ್ನೂದಿಲ್ಲಪಾ" ಎಂದರು ನನ್ನತ್ತ ತಿರುಗಿ. "ಆದ್ರ ರೈತರು ಮುಂದ ಕುಂತು ಮಾತಾಡಾಕ ಹತ್ತಿದ್ರ ನೀ ಎಲ್ಲೋ ಇರತಿ. ಹೇಳಿದ್ದನ್ನ ಮತ್ತ ಮತ್ತ ಕೇಳತಿ. ಕೀಲಿಕೈ ಅವನ ಕಡೆ ಇರಲಿ."

ಅಂದು ಸಂಜೆ ಅವನು ಬೀಗ ಹಾಕಿ ನೊಣ ಓಡಿಸಿದ. ಭಾರ ಇಳಿಯಿತೆಂದು ನಾನು ಸಂತೋಷಪಡಬೇಕಿತ್ತು. ಕಾಲು ಮಾತ್ರ ಕದಲಲಿಲ್ಲ.

"ಜಗ್ಗಿ ನೋಡಿದಿ?" ಎಂದೆ.

"ನೋಡೀನಪಾ. ಬೇಕಾದ್ರ ನೀನೂ ಮುಟ್ಟು. ಕೀಲಿಕೈ ಅಷ್ಟ ನಂದು, ನಿನ್ನ ದೇವರನ್ನೇನ ಕಸಗೊಂಡಿಲ್ಲ!" ಎಂದು ನಗುತ್ತ ಬಸ್ಸಿಗೆ ನಡೆದ.

ಜಗ್ಗಿದೆ. ಗಟ್ಟಿಯಾಗಿತ್ತು. ಮತ್ತೆ ಜಗ್ಗಬೇಕೆನ್ನಿಸಲೇ ಇಲ್ಲ. ಮೂಲೆ ದಾಟಿದ ಮೇಲೆ ಹೊಳೆಯಿತು: ನಾನು ನಂಬಿದ್ದು ಅವನ ಕೈಯನ್ನು. ಇಷ್ಟು ವರ್ಷದಲ್ಲಿ ನನ್ನ ಕೈಯನ್ನು ಒಂದು ಸಂಜೆಯೂ ಹಾಗೆ ನಂಬಿರಲಿಲ್ಲ. ಕೀಲಿಕೈ ಹೋದ ಸಂಕಟಕ್ಕಿಂತ ಈ ಹೊಟ್ಟೆಕಿಚ್ಚು ದೊಡ್ಡದಾಗಿ ಹತ್ತಿಕೊಂಡಿತು.

ಊಟಕ್ಕೆ ಕುಳಿತಾಗ ಹೆಂಡತಿ ಏನೋ ಹೇಳಿದಳು. ಹೂಂ ಎಂದೆ, ಒಳಗೆಲ್ಲ ಅವನ ಕೈ.