ಗಂಗತ್ತಿಯ ಡಬಲ್ ರೊಟ್ಟಿ

ಬ್ರೆಡ್ ಮಾಡುವ ಯಂತ್ರ ಮೊದಮೊದಲು ಗೊಣಗುತ್ತದೆ. ತಳದ ಪುಟ್ಟ ಅಲಗು ನೀರು, ಹಿಟ್ಟು, ಉಪ್ಪುಗಳನ್ನು ಕಲಸುವಾಗ ಏಳುವ ಆ ಸದ್ದು, ಮಾತಿಗೆ ಮನಸ್ಸಿಲ್ಲದವರು ಹೂಂಗುಟ್ಟುವಂತಿರುತ್ತದೆ. ಸ್ವಲ್ಪ ಹೊತ್ತಿಗೆ ಹಿಟ್ಟು ಒಂದುಗೂಡಿ ಮುದ್ದೆಯಾಗುತ್ತದೆ. ಮುದ್ದೆ ಪಾತ್ರೆಯ ಗೋಡೆಗೆ ಬಡಿಯತೊಡಗುತ್ತದೆ. ದಬ್, ದಬ್, ಚಣ ಹೊತ್ತು ಬಿಡುವು, ಮತ್ತೆ ದಬ್. ಶಹಾಪುರದ ನನ್ನ ಮನೆಯ ಅಡುಗೆಕೋಣೆಯಲ್ಲಿ ಈ ಸದ್ದು ಮೊದಲ ಸಲ ಕೇಳಿದ ದಿನ ನಾನು ತೊಳೆಯುತ್ತಿದ್ದ ಪಾತ್ರೆಯನ್ನು ಹಾಗೆಯೇ ಬಿಟ್ಟು ನಿಂತುಕೊಂಡೆ. ದೋರನಹಳ್ಳಿಯ ನಮ್ಮ ಮನೆಯ ಹಿತ್ತಿಲಲ್ಲಿ, ಬೇವಿನ ಮರದ ಬುಡದಲ್ಲಿ ಕುಳಿತು, ನನ್ನ ಸೋದರತ್ತೆ ಗಂಗತ್ತಿ ಹಿಟ್ಟಿಗೆ ಗುದ್ದುತ್ತಿದ್ದದ್ದು ಇದೇ ಲಯದಲ್ಲಿ. ಆ ಬೇವು ಇಲ್ಲ, ಹಿತ್ತಿಲಿಲ್ಲ. ರಸ್ತೆ ಅಗಲವಾದಾಗ ಮನೆಯ ಅರ್ಧ ಹೋಯಿತು, ಉಳಿದರ್ಧವನ್ನು ನಾವೇ ಬಿಟ್ಟುಕೊಟ್ಟೆವು. ಸದ್ದು ಮಾತ್ರ ಎಲ್ಲಿತ್ತೋ, ಹೀಗೆ ಬಂದು ಎದುರು ನಿಂತಿತು.

ನನ್ನ ವೃತ್ತಿ ಶಾಸನಗಳದು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಗಟ್ಟಿ ಕುಂಚದಿಂದ ಬಡಿಬಡಿದು ಅಕ್ಷರಗಳನ್ನು ಕಾಗದಕ್ಕೆ ಇಳಿಸಿಕೊಳ್ಳುವ ಕೆಲಸ. ಸುರಪುರದ ಗುಡ್ಡಗಳ ಬಂಡೆಗಳಿಂದ ಹಿಡಿದು ಭೀಮೆಯ ದಂಡೆಯ ಹಾಳು ಗುಡಿಗಳವರೆಗೆ ಬಡಿದದ್ದರ ಫಲವಾಗಿ, ನಿವೃತ್ತಿಯ ನಂತರ ಬಲಗೈಯ ಮಣಿಕಟ್ಟು ಮುಷ್ಕರ ಹೂಡಿತು. ಇನ್ನು ರೊಟ್ಟಿ ಬಡಿಯಕೂಡದೆಂದು ವೈದ್ಯರು ಹೇಳಿದರು. ನಾನು ಯಂತ್ರ ತರಿಸಿಕೊಂಡೆ. ಯಾದಗಿರಿಯಿಂದ ನೋಡಲು ಬಂದ ತಮ್ಮ ಭೀಮು ಅದರ ಮುಚ್ಚಳ ಎತ್ತಿ, ಒಳಗೆ ಬಗ್ಗಿ ನೋಡಿ, "ಅಕ್ಕಾ, ಇದಕ್ಕ ಜ್ವಾಳದ ಹಿಟ್ಟು ಹಾಕಿದ್ರ ಏನ್ ಮಾಡ್ತದ?" ಎಂದು ಕೇಳಿದ. "ಅಳ್ತದ," ಎಂದೆ. ಜೋಳಕ್ಕೆ ಗೋಧಿಯ ಜಿಗಿ ಇಲ್ಲ, ಅದು ಉಬ್ಬುವುದಿಲ್ಲವೆಂದು ವಿವರಿಸಿದೆ. "ನಮ್ಮ ಮಂದಿ ಹಂಗ ನೋಡು, ಉಬ್ಬಂಗಿಲ್ಲ," ಎಂದು ಅವನು ನಕ್ಕ.

ಈ ಬರಹಕ್ಕೆ ಕಾರಣ ಯಂತ್ರವೊಂದೇ ಅಲ್ಲ. ಈಚೆಗೆ ಭೀಮುವಿನ ಮೊಮ್ಮಗಳು ರೇಖಾಳ ನಿಶ್ಚಯದ ಊಟದಲ್ಲಿ ಹಳಬರ ಮಾತು ಬಂತು. ಹುಡುಗಿ ಕೆಟ್ಟವಳಲ್ಲ, ಕೇಳಿದ್ದನ್ನು ನಗುತ್ತ ಹೇಳಿದಳು: "ಆ ಗಂಗಮ್ಮ ಮುದುಕಿ ಸೇಂದಿ ಕುಡೀತಿದ್ಲಂತಲ್ಲ, ಅದಕ್ಕ ಗಂಡ ಬಿಟ್ಟನಂತ." ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ನಾನು ಕೈಯ ತುತ್ತನ್ನು ಎಲೆಗೆ ಹಾಕಿ, "ಸುಳ್ಳು," ಎಂದೆ. ನಗು ನಿಂತಿತು, ಆದರೆ ಒಂದು ಪದದಿಂದ ಸುಳ್ಳು ಸಾಯುವುದಿಲ್ಲ. ಕಲ್ಲಿನ ಮೇಲೆ ತಪ್ಪು ಕೆತ್ತಿದ್ದರೆ ಅದನ್ನು ಓದಿ ತಿದ್ದಬಹುದು, ಬಾಯಲ್ಲಿ ಕೆತ್ತಿದ್ದನ್ನು ತಿದ್ದಲು ಎದುರು ಬರಹವೇ ಬೇಕು. ಗಂಗತ್ತಿಗೆ ಮಕ್ಕಳಿಲ್ಲ, ಅವಳ ಪರವಾಗಿ ಸಾಕ್ಷಿ ಹೇಳಬಲ್ಲವರು ಬದುಕಿರುವುದು ನಾನು ಮತ್ತು ಭೀಮು ಇಬ್ಬರೇ. ನಾವಿಬ್ಬರೂ ಹೋದ ಮೇಲೆ ಅವಳು ಕುಡುಕಿಯಾಗಿ ಮಾತ್ರ ಉಳಿಯುತ್ತಾಳೆ. ಅದಕ್ಕೆ ನಾನು ಒಪ್ಪುವುದಿಲ್ಲ.

ಕಾಲನಿರ್ಣಯದಲ್ಲಿ ನನಗೂ ತಮ್ಮನಿಗೂ ಒಮ್ಮತವಿಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮೂರಿನ ಹೊಲಗಳಿಗೆ ಕಾಲುವೆಯ ನೀರು ಬಂದ ಮೇಲೆ ಇದೆಲ್ಲ ನಡೆಯಿತೆಂದು ಅವನ ವಾದ. ಬರುವ ಮೊದಲು ಎಂದು ನನ್ನದು; ಏಕೆಂದರೆ ಗಂಗತ್ತಿ ಬಳಸುತ್ತಿದ್ದುದು ತೊಗರಿ ಕಟ್ಟಿಗೆಯ ಕೆಂಡ, ಕಾಲುವೆ ಬಂದ ಮೇಲೆ ನಮ್ಮ ಹೊಲದಲ್ಲಿ ತೊಗರಿ ಹೋಗಿ ಭತ್ತ ಬಂತು. "ಕಟಗಿ ಮಂದಿ ಹೊಲದಿಂದನೂ ತರಬಹುದಲ್ಲಕ್ಕ," ಎಂದ ಭೀಮು. ಆಕ್ಷೇಪ ಸರಿಯಾದದ್ದೇ. ಆದ್ದರಿಂದ ಹೀಗೆ ನಮೂದಿಸುತ್ತೇನೆ: ಕಾಲುವೆಯ ಆಸುಪಾಸು, ಯಾದಗಿರಿ ಜಿಲ್ಲೆಯಾಗುವುದಕ್ಕೆ ಬಹಳ ಹಿಂದೆ, ಊರೂರಿಗೆ ಸೇಂದಿ ಅಂಗಡಿಗಳಿದ್ದ ಕಾಲ. ನಾನಾಗ ಜಡೆ ಹಾಕಿಸಿಕೊಳ್ಳಲು ಅವ್ವನ ಮುಂದೆ ಕೂಡುತ್ತಿದ್ದೆ. ಭೀಮುವಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಮಿಕ್ಕ ಸಂಗತಿಗಳಲ್ಲಿ ನಮ್ಮ ಹೇಳಿಕೆಗಳು ಹೊಂದುತ್ತವೆ.

ಆ ಮನೆಯಲ್ಲಿ ಬೆಳಗೆಂದರೆ ರೊಟ್ಟಿಯ ಸಪ್ಪಳ. ಬೆಳಕು ಹರಿಯುವ ಮುಂಚೆಯೇ ಓಣಿಯುದ್ದಕ್ಕೂ ಒಂದೊಂದೇ ಮನೆಯಲ್ಲಿ ಬಡಿತ ಸುರುವಾಗುತ್ತಿತ್ತು. ಅಂಗೈ ಹಿಟ್ಟಿನ ಮೇಲೆ, ಹಿಟ್ಟು ಕೊಣಮಿಗೆಯೆಂಬ ಮರದ ಹರಿವಾಣದ ಮೇಲೆ. ಹಾಸಿಗೆಯಲ್ಲಿದ್ದಂತೆಯೇ, ಇದು ನಮ್ಮ ಅವ್ವನ ಕೈ, ಇದು ಎದುರುಮನೆಯವರ ಕೈ ಎಂದು ಗುರುತು ಹಿಡಿಯುತ್ತಿದ್ದೆವು. "ಮನಿ ಮುಂದ ಹಾಯ್ದು ಹೋಗೋರ ಕಿವಿಗಿ ರೊಟ್ಟಿ ಸಪ್ಪಳ ಬೀಳಬೇಕು, ಇಲ್ಲಾಂದ್ರ ಅದು ಹೆಣ್ಣಮಕ್ಕಳಿಲ್ಲದ ಮನಿ," ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದಳು. ಸಪ್ಪಳವಿಲ್ಲದ ಬೆಳಗು ಸಾವಿನ ಮನೆಯದು, ಇಲ್ಲವೆ ಹಿಟ್ಟು ತೀರಿದ ಮನೆಯದು. ಆ ನಿಯಮದ ಮನೆಗೆ ಆಯಿಯ ಮಗಳು ಗಂಗತ್ತಿ ಮುರಿದ ಮಣಿಕಟ್ಟಿನೊಡನೆ ಗಂಡನ ಊರಿನಿಂದ ಮರಳಿ ಬಂದಳು. ಊರು ಭೀಮೆಯ ಆಚೆಯದು. ಹೆಸರು ಬೇಡ, ಅಲ್ಲಿ ಗಂಡನ ಮನೆಯವರ ಮೊಮ್ಮಕ್ಕಳಿದ್ದಾರೆ. ಬಾವಿಯ ಮೆಟ್ಟಿಲಲ್ಲಿ ಕೊಡದ ಸಮೇತ ಜಾರಿದ್ದಳು. ನಾಟಿ ವೈದ್ಯ ಕಟ್ಟಿದ ಮೂಳೆ ಸೊಟ್ಟಗೆ ಕೂಡಿತ್ತು, ಅಂಗೈ ತಿರುಗುತ್ತಿರಲಿಲ್ಲ. ರೊಟ್ಟಿ ಬಡಿಯಲಾರದ ಸೊಸೆಯನ್ನು ಮಾವ ಸಾಬಣ್ಣನವರು ತಾವೇ ಬಸ್ಸಿನಲ್ಲಿ ಕರೆತಂದು, "ಕೈ ನೆಟ್ಟಗಾಗ್ಲಿ, ಬಂದು ಕರಕೊಂಡು ಹೋಗ್ತೀವಿ," ಎಂದು ಬಿಟ್ಟುಹೋದರು. ಕೈ ನೆಟ್ಟಗಾಗಲಿಲ್ಲ. ಅವರು ಬರಲೂ ಇಲ್ಲ.

ಕೈ ತೋರಿಸಲು ಅಪ್ಪ ಅವಳನ್ನು ಶಹಾಪುರದ ದವಾಖಾನೆಗೆ ಕರೆದೊಯ್ಯುತ್ತಿದ್ದ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಸ್ವಭಾವತಃ ಮೆತ್ತಗಿನವನು, ಊರಿನ ಮಾತಿಗೆ ಅಂಜುವವನು. ದವಾಖಾನೆಯ ಎದುರಿಗೆ ಬ್ರೆಡ್ಡಿನ ಭಟ್ಟಿಯಿತ್ತು. ನಮ್ಮ ಕಡೆ ಆಗ ಬ್ರೆಡ್ಡಿಗೆ ಡಬಲ್ ರೊಟ್ಟಿ ಎಂದೇ ಹೆಸರು. ಗಟ್ಟಿಯಿದ್ದವರು ಅದನ್ನು ತಿನ್ನುತ್ತಿರಲಿಲ್ಲ. ಜ್ವರ ಬಂದವರಿಗೆ, ಹೊಟ್ಟೆ ಕೆಟ್ಟವರಿಗೆ ಹಾಲಲ್ಲಿ ಅದ್ದಿ ಕೊಡುವ ಪದಾರ್ಥ ಅದು. ಯಾರ ಕೈಯಲ್ಲಾದರೂ ಡಬಲ್ ರೊಟ್ಟಿಯ ಪೊಟ್ಟಣ ಕಂಡರೆ ದಾರಿಯಲ್ಲಿ ಹೋಗುವವರೂ ನಿಲ್ಲಿಸಿ, "ಯಾರಿಗಿ ಆರಾಮಿಲ್ರಿ?" ಎಂದು ಕೇಳುತ್ತಿದ್ದರು. ಸರದಿಗೆ ಕಾಯುತ್ತ ಕುಳಿತ ಗಂಗತ್ತಿ ಭಟ್ಟಿಯವರು ಹಿಟ್ಟು ನಾದುವುದನ್ನು ದಿಟ್ಟಿಸಿ ನೋಡಿದಳು. ಅಲ್ಲಿ ಅಂಗೈ ತಿರುಗಿಸುವ ಮಾತೇ ಇರಲಿಲ್ಲ. ಮುಷ್ಟಿ ಕಟ್ಟಿ ಗುದ್ದುತ್ತಿದ್ದರು. ಭಟ್ಟಿಯ ಮಾಲೀಕನ ತಾಯಿ ಚಾಂದಬಿಯ ಹತ್ತಿರ ಹೋಗಿ, ಹಿಟ್ಟು ಉಬ್ಬಲು ಏನು ಹಾಕುತ್ತೀರೆಂದು ಕೇಳಿದಳಂತೆ. ಆ ಮುದುಕಿ ನಕ್ಕು, "ಸೇಂದಿ, ಬೇಟಿ. ಈಚಲ ಮರದ್ದು. ಮನಷಾರಿಗಿ ಕೆಡಸ್ತದ, ಹಿಟ್ಟಿಗಿ ಎಬ್ಬಸ್ತದ," ಎಂದು ಹೇಳಿಕೊಟ್ಟಳು.

ಅಂದಿನಿಂದ ನಮ್ಮ ಹಿತ್ತಿಲಿನ ವಾಸನೆ ಬದಲಾಯಿತು. ಗೋಧಿ ಹಿಟ್ಟಿಗೆ ಸೇಂದಿ ಬೆರೆಸಿ, ತೊಡೆಗಳ ನಡುವೆ ಅಗಲ ತಟ್ಟೆಯಂಥ ಪರಾತವನ್ನು ಒತ್ತಿ ಹಿಡಿದು, ಗಂಗತ್ತಿ ಆ ಸೊಟ್ಟ ಕೈಯ ಮುಷ್ಟಿಯಿಂದಲೇ ಗುದ್ದುತ್ತಿದ್ದಳು. ಒಳ್ಳೆಯ ಕೈಯನ್ನು ಯಾಕೆ ಬಳಸುವುದಿಲ್ಲವೆಂದು ಕೇಳಿದರೆ, "ಅದು ದುಡದದ, ಇದು ಕೂತು ತಿಂದದ," ಎನ್ನುತ್ತಿದ್ದಳು. ಹಿಟ್ಟು ಒದ್ದೆ ಬಟ್ಟೆಯ ಕೆಳಗೆ ಏಳುವಾಗ ಹುಳಿಸಿಹಿಯಾದ ಒಂದು ಗಾಳಿ ಅಡುಗೆಮನೆಯವರೆಗೆ ಬರುತ್ತಿತ್ತು; ನಾನೂ ಭೀಮುವೂ ಬಟ್ಟೆ ಎತ್ತಿ, ಉಬ್ಬಿದ ಹಿಟ್ಟಿಗೆ ಬೆರಳು ಚುಚ್ಚಿ ಬೈಸಿಕೊಳ್ಳುತ್ತಿದ್ದೆವು. ಎಣ್ಣೆ ಸವರಿದ ತಗಡಿನ ಡಬ್ಬಿಗೆ ಅದನ್ನಿಳಿಸಿ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿಯುತ್ತಿದ್ದಳು. ಮೊದಮೊದಲಿನವು ಕರಕಲಾದವು; ನಾಯಿಯೂ ಮೂಸಿ ಬಿಟ್ಟಿತು. ಆಮೇಲೆ ಒಂದು ದಿನ ಮುಚ್ಚಳ ತೆಗೆದಾಗ ಹೊಂಬಣ್ಣದ ಬೆನ್ನು ಕಾಣಿಸಿತು. ಆ ಹೊತ್ತಿನ ಪರಿಮಳವನ್ನು ನನ್ನ ಯಂತ್ರ ಇಂದಿಗೂ ಅರ್ಧವಷ್ಟೇ ಕೊಡುತ್ತದೆ, ಉಳಿದರ್ಧ ಹೊಗೆಯದು. ಆಯಿಗೆ ಜ್ವರ ಬಂದಾಗ ಮಗಳ ಡಬಲ್ ರೊಟ್ಟಿಯೇ ಪಥ್ಯವಾಯಿತು. ಬರಬರುತ್ತ ಊರಿನಲ್ಲಿ ಯಾರು ಮಲಗಿದರೂ ಅವರ ಮನೆಯವರು ನಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಲ್ಲತೊಡಗಿದರು.

ಆದರೆ ಸೇಂದಿ ತರಲು ಅಂಗಡಿಗೆ ಹೋಗಲೇಬೇಕಲ್ಲ. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳು ಬೆಳ್ಳಂಬೆಳಗ್ಗೆ ಮಣ್ಣಿನ ಮಗಿ ಹಿಡಿದು ಸೇಂದಿ ಅಂಗಡಿಗೆ ಹೋಗುವುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಸೆರಗಿನ ಕೆಳಗೆ ಮುಚ್ಚಿಕೊಂಡು ಹೋಗೆಂದು ಅವ್ವ ಅಂದಳು. ಗಂಗತ್ತಿ ಮಗಿಯನ್ನು ಸೊಂಟದ ಮೇಲೆಯೇ ಇಟ್ಟುಕೊಂಡಳು. ಮಾತು ಹೊಳೆ ದಾಟಿತು. ದಾಟಿದ ಮಾತು ಸಾಬಣ್ಣನವರಿಗೆ ಅನುಕೂಲವಾಗಿಯೇ ಒದಗಿತು. ಮಗನಿಗೆ ಬೇರೆ ಹೆಣ್ಣು ನೋಡಿಟ್ಟಿದ್ದರು, ನೆಪವೊಂದು ಬೇಕಿತ್ತು. ಅವರು ತಮ್ಮೂರಿನ ಹಿರಿಯರೊಂದಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತರು. ನಮ್ಮೂರಿನ ಹಿರಿಯರೂ ಬಂದು ಕೂತರು. ಸಾಬಣ್ಣನವರ ಕೊರಳಲ್ಲಿ ತುಳಸಿಮಾಲೆ. ವಾರಿ, ಅಂದರೆ ಪಾದಯಾತ್ರೆ, ನಡೆದು ಪಂಢರಪುರಕ್ಕೆ ಹೋಗಿ ಬಂದವರು, ಸೇಂದಿ ಅಂಗಡಿಯ ನೆರಳನ್ನೂ ತುಳಿಯೆನೆಂದು ಹೇಳಿಕೊಳ್ಳುತ್ತಿದ್ದವರು. ಮಾಲೆ ಹಾಕಿದವರು ಸೇಂದಿ ಬಾಯಿಗೆ ತಾಕಿಸಿದರೆ ಮಾಲೆ ಕಳಚಬೇಕು. ಬೀಗರು ಬಂದರೆ ಮೊದಲು ಬಾಯಿಗೆ ಏನಾದರೂ ಕೊಡಬೇಕು, ಮಾತು ಆಮೇಲೆ. ಗಂಗತ್ತಿ ಹಾಲಿನ ಬಟ್ಟಲುಗಳನ್ನೂ ಬಿಸಿಬಿಸಿ ಡಬಲ್ ರೊಟ್ಟಿಯ ತುಂಡುಗಳನ್ನೂ ತಂದಿಟ್ಟಳು.

"ನಾವೇನ್ ಬ್ಯಾನಿ ಬಿದ್ದೀವೇನವಾ?" ಎಂದರು ಸಾಬಣ್ಣನವರು. ಆದರೆ ತಿಂದರು, ಚೆನ್ನಾಗಿಯೇ ತಿಂದರು. "ಮೆತ್ತಗ ಆಗ್ಯಾದ," ಎಂದು ತಲೆಯಾಡಿಸಿದರು. ಬಾಯಿ ಒರೆಸಿಕೊಂಡ ಮೇಲೆ ವಿಷಯಕ್ಕೆ ಬಂದರು. "ಮಾಸ್ತರ, ನಿಮ್ಮ ತಂಗಿ ಸೇಂದಿ ಕುಡ್ಯಾಕತ್ತಾಳಂತ ಊರೂರು ಆಗ್ಯಾದ. ಕುಡಿಯೋ ಹೆಣ್ಣನ್ನ ನಾವು ಬಾಳ್ವಿ ಮಾಡ್ಸಂಗಿಲ್ಲ. ಹುಡುಗನಿಗಿ ಬ್ಯಾರೆ ತರ್ತೀವಿ. ಈಕಿಗಿ ಹೊಟ್ಟಿಗಿ ಬೇಕಂದ್ರ ಬರ್ಲಿ, ದನದ ಕೊಟಗಿ ಬಳಕೊಂಡು ಬಿದ್ದಿರ್ಲಿ. ತಪ್ಪು ನಿಮ್ಮ ಕಡೀದು ಅಂತ ಹಿರೇರ ಮುಂದ ಒಪ್ಪಿಬಿಡ್ರಿ." ಅಪ್ಪ ತಲೆ ತಗ್ಗಿಸಿದ. ಅವನ ತುಟಿ ಅಲುಗಿದ್ದು ನನಗೆ ಕಂಡಿತು, ಒಪ್ಪಿಯೇ ಬಿಡುತ್ತಿದ್ದನೇನೋ. ಅಷ್ಟರಲ್ಲಿ ಗಂಗತ್ತಿ ಒಳಗೆ ಹೋಗಿ ಸೇಂದಿಯ ಮಗಿಯನ್ನು ತಂದು ಹಿರಿಯರ ನಡುವೆ ಇಟ್ಟಳು.

"ನೋಡ್ರಿ ಮಾವ, ನಾ ದಿನಾ ತರೋ ಸೇಂದಿ ಇದಾ. ಕುಡಿಯೋದು ನಾ ಅಲ್ಲ, ಹಿಟ್ಟು. ಆ ಹಿಟ್ಟು ಈಗ ನಿಮ್ಮ ಹೊಟ್ಟ್ಯಾಗ ಅದ. ಇದಕ್ಕ ನಾ ಕೆಟ್ಟಾಕಿ ಆದ್ರ, ನೀವು ಮಾಲಿ ತಗೀರಿ. ನಿಮ್ಮ ಸಂಗಟ ಬರ್ತೀನಿ, ಇಬ್ಬರೂ ಕೂಡೇ ಕೊಟಗಿ ಬಳಿಯೋಣು."

ಸಾಬಣ್ಣನವರ ಕೈ ತಾನಾಗಿ ಕೊರಳ ಮಾಲೆಗೆ ಹೋಯಿತು. ಆಗ ಮೂಲೆಯಲ್ಲಿ ಗೋಡೆಗೊರಗಿ ಕುಳಿತಿದ್ದ, ರೊಟ್ಟಿಯ ಸಪ್ಪಳವೇ ಮನೆಯ ಮಾನವೆಂದು ನಂಬಿದ್ದ ನಮ್ಮ ಆಯಿ, ಬಹಳ ಮರ್ಯಾದೆಯ ದನಿಯಲ್ಲಿ, "ಇನ್ನೊಂದು ತುಂಡು ಹಾಕ್ಲೇನ್ರಿ ಬೀಗರ?" ಎಂದಳು. ಮೊದಲು ನಕ್ಕವರು ಅವರ ಊರಿನ ಹಿರಿಯರೇ. ನಗು ಬಾಗಿಲು ದಾಟಿ ಓಣಿಗೆ ಹೋಯಿತು. ಸಾಬಣ್ಣನವರು ಚಪ್ಪಲಿ ಹುಡುಕುವಾಗ ಗಂಗತ್ತಿ ಮತ್ತೆ ಹೇಳಿದಳು: "ನಿಮ್ಮ ಮಗಗ ಬೇಕಾದಷ್ಟು ಮದಿವಿ ಮಾಡ್ರಿ. ನಾ ಬರಂಗಿಲ್ಲ. ನೀವು ಬಿಟ್ರಿ ಅಂತ ಅಲ್ಲ, ನಾ ಬಿಟ್ಟೀನಿ ಅಂತ ಹೇಳ್ರಿ." ಅಪ್ಪ ತಲೆ ಎತ್ತಿದ. ತಂಗಿಯ ಪಕ್ಕಕ್ಕೆ ಬಂದು ನಿಂತ. ಅವನ ಮಟ್ಟಿಗೆ ಅದೇ ದೊಡ್ಡ ಭಾಷಣ.

ಇದು ಅವಳು ಮೊದಲೇ ಹೂಡಿದ ಬಲೆಯೇ ಎಂಬ ಸಂಶಯ ಸಂಶೋಧಕಿಯಾದ ಮೇಲೆ ನನ್ನನ್ನು ಕಾಡಿತು. ಒಮ್ಮೆ ರಜೆಗೆ ಹೋದಾಗ ನೇರವಾಗಿ ಕೇಳಿದೆ. "ಬಂದ ಬೀಗರಿಗಿ ಬರೇ ನೀರು ಕೊಡಬೇಕಿತ್ತೇನು?" ಎಂದಳು ಗಂಗತ್ತಿ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಪ್ರಶ್ನೆಯನ್ನು ಹಾಗೆಯೇ ತೆರೆದಿಟ್ಟಿದ್ದೇನೆ. ಅವಳು ಬದುಕಿದ್ದಷ್ಟು ಕಾಲ ಮಗಿ ಸೊಂಟದ ಮೇಲೆಯೇ ಇತ್ತು. ಸೇಂದಿ ಸಿಗದ ಕಾಲದಲ್ಲಿ ಪೊಟ್ಟಣದ ಈಸ್ಟ್ ತಂದುಕೊಟ್ಟರೆ ಮೂಸಿ ನೋಡಿ, "ಸತ್ತದ ಇದು," ಎಂದಳು; ಹಿಟ್ಟು ಎದ್ದ ಮೇಲೆ ಪೊಟ್ಟಣವನ್ನು ಎತ್ತಿಟ್ಟುಕೊಂಡಳು. ಈಗ ಅವಳಿಲ್ಲ, ಆಯಿ, ಅಪ್ಪ, ಅವ್ವ ಯಾರೂ ಇಲ್ಲ. ಕುಣಿಯಿದ್ದ ಜಾಗದ ಮೇಲೆ ಡಾಂಬರು ಹಾಸಿದೆ. ಅದರ ಮೇಲೆ ಕಡೇಚೂರಿನ ಕಾರ್ಖಾನೆಗಳಿಗೆ ಹೋಗುವ ಲಾರಿಗಳು ಓಡುತ್ತವೆಂದು ಭೀಮು ಹೇಳುತ್ತಾನೆ. ಲಾರಿಗಳು ಎಲ್ಲಿಗೆ ಹೋಗುತ್ತವೋ ನಾನು ತಾಳೆ ನೋಡಿಲ್ಲ. ಡಾಂಬರು ನಿಜ.

ಕಳೆದ ವಾರ ಯಂತ್ರದಿಂದ ಇಳಿಸಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರೇಖಾಳ ಮನೆಗೆ ಹೋದೆ. ಬಾಗಿಲು ತೆರೆದವಳು ಗಂಟು ನೋಡಿ, "ಯಾರಿಗಿ ಆರಾಮಿಲ್ಲ ಅಜ್ಜಿ?" ಎಂದಳು, ಆ ಪ್ರಶ್ನೆಯೊಂದು ಇನ್ನೂ ಸತ್ತಿಲ್ಲ. "ಎಲ್ಲಾರೂ ಗಟ್ಟಿ ಅದೀವಿ. ಕೂಡು," ಎಂದೆ. ಮೇಲೆ ಬರೆದದ್ದನ್ನೆಲ್ಲ ಹೇಳಿದೆ, ಕಾಲುವೆಯ ಬಗೆಗಿನ ಭಿನ್ನಾಭಿಪ್ರಾಯ ಸಹಿತ. ಅವಳು ತುಂಡು ಕೈಯಲ್ಲಿ ಹಿಡಿದು, ತಳದಲ್ಲಿ ಅಲಗು ಉಳಿಸಿದ ತೂತಿನೊಳಗೆ ಬೆರಳಾಡಿಸುತ್ತ ಕೇಳಿದಳು. ಮುಗಿದ ಮೇಲೆ, "ಇದಕ್ಕೂ ಸೇಂದಿ ಹಾಕೀರೇನು?" ಎಂದಳು. "ಇಲ್ಲ. ಸಿಕ್ಕಿದ್ರ ಹಾಕ್ತಿದ್ನಿ," ಎಂದೆ. ಅವಳು ಬ್ರೆಡ್ಡನ್ನು ಬಾಯಿಗಿಟ್ಟುಕೊಂಡಳು. ಗಂಗಮ್ಮ ಮುದುಕಿ ಎಂದು ಮತ್ತೆ ಅನ್ನಲಿಲ್ಲ, "ಗಂಗಮ್ಮಜ್ಜಿ ಕೈ ಕಡೀಕೂ ನೆಟ್ಟಗ ಆಗಲೇ ಇಲ್ಲೇನು?" ಎಂದು ಕೇಳಿದಳು.

ಆಗಲಿಲ್ಲ. ಆಗಬೇಕಾದ ಅಗತ್ಯವೂ ಅದಕ್ಕೆ ಬೀಳಲಿಲ್ಲ. ಶಹಾಪುರದ ನನ್ನ ಓಣಿಯ ಹೆಂಗಸರು, ಈ ಮಾಸ್ತರ ಮಗಳ ಮನೆಯಲ್ಲಿ ರೊಟ್ಟಿಯ ಸಪ್ಪಳವೇ ಇಲ್ಲವೆಂದು ಆಡಿಕೊಳ್ಳುತ್ತಾರಂತೆ. ಈಗ ಯಂತ್ರವನ್ನು ಅಡುಗೆಕೋಣೆಯಿಂದ ತಂದು ಬೀದಿಯ ಕಿಟಕಿಗೆ ಹೊಂದಿಸಿ ಇಟ್ಟಿದ್ದೇನೆ. ಬೆಳಗ್ಗೆ ಎದ್ದು ಹಿಟ್ಟು ಹಾಕಿ, ಅದು ಗೊಣಗುವಷ್ಟು ಹೊತ್ತು ಸುಮ್ಮನಿದ್ದು, ಮುದ್ದೆ ಕಟ್ಟಿ ಮೊದಲ ಗುದ್ದು ಬೀಳುತ್ತಿದ್ದಂತೆ ಎರಡೂ ಕದಗಳನ್ನು ತೆರೆಯುತ್ತೇನೆ. ಮನೆಯ ಮುಂದೆ ಹಾಯ್ದು ಹೋಗುವವರ ಕಿವಿಗೆ ಬೀಳಲಿ.