ಹರಾಜಾಗದೆ ಉಳಿದ ಮನೆ

ಗಂಡನ ಬಟ್ಟೆ ಅಂಗಡಿ ಮುಳುಗಿದ ಮೇಲೆ ಸಾಲ ತೀರದೆ ಶಹಾಬಜಾರದ ನಮ್ಮ ಮನೆಗೆ ಬ್ಯಾಂಕಿನವರು ಬೀಗ ಹಾಕಿ, ಬಾಗಿಲಿಗೆ ನೋಟಿಸು ಅಂಟಿಸಿದರು. ನಾವು ಕಮಲಾಪುರದಲ್ಲಿ ಬಾಡಿಗೆಗೆ ಬಂದೆವು. ಅಲ್ಲಿನ ಶಾಲೆಯೊಂದರಲ್ಲಿ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತು.

ಮನೆ ಬೇಗ ಮಾರಾಟವಾಗಿಬಿಟ್ಟರೆ ಜನ ಮರೆತಾರು ಅಂದುಕೊಂಡಿದ್ದೆ. ಆದರೆ ಮೈದುನ ತನಗೂ ಪಾಲಿದೆ ಎಂದು ಕೋರ್ಟಿಗೆ ಹೋದ. ಹರಾಜು ಮುಂದೆ ಮುಂದೆ ಹೋಯಿತು. ವರ್ಷಗಳು ಕಳೆದರೂ ನನ್ನ ಗಂಡನ ಹೆಸರು ಓಣಿಯವರೆಲ್ಲ ಓದುವಂತೆ ಬಾಗಿಲ ನೋಟಿಸಿನ ಮೇಲೆಯೇ ಇತ್ತು.

ಒಂದು ಮಳೆಗಾಲ, ಅಕ್ಕನಂತೆ ನಾನು ಆಪಾ ಎಂದೇ ಕರೆಯುತ್ತಿದ್ದ ಪಕ್ಕದ ಮನೆಯಾಕೆ ಫೋನ್ ಮಾಡಿದರು. "ನಿಮ್ಮ ಮಾಳಗಿ ಮ್ಯಾಲಿನ ನೀರೆಲ್ಲ ನಮ್ಮ ಗ್ವಾಡಿಗೆ ಇಳಿಯಾಕತ್ತದ್ರಿ. ಬ್ಯಾಂಕಿನವರಿಗೆ ಕೇಳಿದ್ರ, ಕೇಸ್ ಮುಗಿಯೋತನಕ ಬೀಗ ತೆಗ್ಯಾಂಗಿಲ್ಲ ಅಂತಾರ."

ನಾನು ಬಸ್ಸು ಹತ್ತಿ ಹೋದೆ. ಆಪಾ ಅವರ ಮಾಳಿಗೆಯಿಂದ ನಮ್ಮ ಮಾಳಿಗೆಗೆ ದಾಟಿ, ಸೀರೆ ಎತ್ತಿಕಟ್ಟಿ, ಮಳೆನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡ ಬೇವಿನ ಎಲೆ, ಹೂಳು ತೆಗೆದೆ. ಮುಂದಿನ ಮಳೆಗಾಲಗಳಲ್ಲೂ ಹೋಗುತ್ತಿದ್ದೆ.

ಕೇಸು ಮುಗಿದ ವರ್ಷ ಹಾಗೇ ಮಾಳಿಗೆಯ ಮೇಲೆ ಪೊರಕೆ ಹಿಡಿದು ನಿಂತಿದ್ದಾಗ, ಹರಾಜಿಗೆ ಮುಂಚೆ ಮನೆ ನೋಡಲು ಒಂದು ಕುಟುಂಬ ಬಂದಿತ್ತು. ಹೆಂಗಸು ಓಣಿಯಿಂದ ಕತ್ತೆತ್ತಿ ಕೇಳಿದಳು: "ಈ ಮನಿಯವರೇನ್ರಿ ನೀವು?"

"ಅಲ್ಲರಿ, ಕಸ ಹೊಡಿಯಾಕ ಬಂದೀನಿ" ಅಂದುಬಿಟ್ಟೆ.

ಪಕ್ಕದ ಮಾಳಿಗೆಯಲ್ಲೇ ಇದ್ದ ಆಪಾ ನನ್ನ ಮುಖ ನೋಡಲಿಲ್ಲ. ಬಟ್ಟೆ ಒಣಹಾಕುವುದನ್ನು ಮುಂದುವರಿಸಿದರು.

ಹರಾಜಿನಲ್ಲಿ ಮನೆ ಕೊನೆಗೂ ಆ ಕುಟುಂಬಕ್ಕೇ ಹೋಯಿತು. ಆಮೇಲೊಂದು ದಿನ ಆ ಹೆಂಗಸಿನ ಫೋನ್ ಬಂತು. "ಬಾಜೂಮನಿಯವರು ನಂಬರ್ ಕೊಟ್ರು. ಗೃಹಪ್ರವೇಶ ಅದ, ಮನಿ ಸ್ವಚ್ಛ ಮಾಡಾಕ ಬರ್ತಿರೇನು?" ನನ್ನ ಸುಳ್ಳನ್ನು ಆಪಾ ಬಯಲು ಮಾಡಿರಲಿಲ್ಲ. ಆಗುವುದಿಲ್ಲ ಎನ್ನಲು ನನಗೂ ಬಾಯಿ ಬರಲಿಲ್ಲ. ಶಾಲೆಯ ಕೆಲಸವಿದೆ ಎಂದು ಗಂಡನಿಗೆ ಹೇಳಿ ಹೋದೆ.

ಒಳಗೆ ಇಲಿ ಹಿಕ್ಕೆಯ ವಾಸನೆ. ಸುಣ್ಣ ಚಕ್ಕೆಚಕ್ಕೆಯಾಗಿ ಉದುರಿತ್ತು. ದೇವರ ಮೂಲೆಯಲ್ಲಿ ಗೆದ್ದಲು ಏರಿತ್ತು. ನಾನು ದಿನಾ ರೊಟ್ಟಿ ಬಡಿದ ಕಟ್ಟೆಯನ್ನು ಉಜ್ಜುವಾಗ ಆಕೆ ಹಿಂದೆ ನಿಂತು, "ಎಂಥಾ ಮಂದಿ ಇದ್ದರೋ ಏನೋ, ಹಿಂಗ ಹಾಳು ಕೆಡವ್ಯಾರ" ಅಂದಳು.

ಕೈ ನಿಂತಿತು. "ನಾವಿದ್ದಾಗ ಹಿಂಗಿರಲಿಲ್ಲರಿ" ಅಂದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಆಕೆ ಬಂದು ನನ್ನ ಕೈಯಿಂದ ಬ್ರಶ್ಶು ತೆಗೆದುಕೊಂಡಳು. "ಮೊದಲೇ ಹೇಳಬಾರದೇನ್ರಿ? ನಾ ಏನೇನೋ ಅಂದುಬಿಟ್ಟೆ" ಎಂದಾಗ ಆಕೆಯ ಮುಖವೂ ಕೆಂಪೇರಿತ್ತು. ಗೃಹಪ್ರವೇಶಕ್ಕೆ ಗಂಡ ಹೆಂಡತಿ ಇಬ್ಬರೂ ಬರಬೇಕೆಂದು ಅಲ್ಲೇ ಕುಂಕುಮ ಹಚ್ಚಿದಳು.

ಹೂಂ ಅಂದು ಬಂದೆ. ಗೃಹಪ್ರವೇಶದ ದಿನ ಬಂದರೂ ಗಂಡನಿಗೆ ವಿಷಯ ಹೇಳಲೇ ಇಲ್ಲ. ಅತ್ತ ಹೋಗದೆ, ಎಂದಿನಂತೆ ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಮಾಡಿದೆ.